ಬೇಗ ಚಾರ್ಜ್ ಆಯ್ತು ಅಂತ ಖುಷಿಪಟ್ಟೆ, ಅಲ್ಲೇ ಮೋಸ ಹೋದೆ: ‘ಓಪನ್ ಬಾಕ್ಸ್’ ಫೋನ್ ಕೊಳ್ಳುವವರು ಓದಿ

ಆಳಂದ ರಸ್ತೆಯ ಒಂದು ಪೆಟ್ರೋಲ್ ಪಂಪ್. ಮಧ್ಯಾಹ್ನ ಎರಡೂವರೆ, ಮೇ ತಿಂಗಳ ಬಿಸಿಲು. ಬೈಕಿಗೆ 300 ರೂಪಾಯಿ ಪೆಟ್ರೋಲ್ ಹಾಕಿಸಿಯಾಗಿತ್ತು. ದುಡ್ಡು ಕೊಡಲು ಫೋನ್ ತೆಗೆದೆ. 22 ಪರ್ಸೆಂಟ್ ತೋರಿಸುತ್ತಿತ್ತು. ಸ್ಕ್ಯಾನರ್ ತೆರೆದೆ, ಕ್ಯೂಆರ್ ಕೋಡ್ ಪರದೆಯ ಮೇಲೆ ಬಂತು, ಅಷ್ಟರಲ್ಲಿ ಫೋನ್ ಆಫ್. ಬಟನ್ ಒತ್ತಿ ಹಿಡಿದರೂ ಏಳಲಿಲ್ಲ. ಜೇಬಿನಲ್ಲಿ ಇದ್ದದ್ದು ನಲವತ್ತು ರೂಪಾಯಿ.

“ಈಗಷ್ಟೇ ಚಾರ್ಜ್ ಇತ್ತಪ್ಪಾ” ಅಂದೆ. ಪಂಪಿನ ಹುಡುಗ ನಕ್ಕ. “ದಿನಾ ಇಬ್ಬರಾದ್ರೂ ಹಿಂಗೇ ಅಂತಾರ್ರಿ ಸಾಹೇಬ್ರ.” ಕೊನೆಗೆ ಹೆಲ್ಮೆಟ್ ಅವನ ಹತ್ತಿರ ಒತ್ತೆ ಇಟ್ಟು, ಪರಿಚಯದ ಗೊಬ್ಬರದ ಅಂಗಡಿಯಲ್ಲಿ ಕೈಸಾಲ ತಂದು ಕೊಟ್ಟೆ.

ಆ ಫೋನ್ ಕೊಂಡು ಆಗ ಹತ್ತು ದಿನ.

ನನ್ನದು ಬೀಜ, ಔಷಧಿ ಮಾರುವ ಕಂಪನಿಯ ಕೆಲಸ. ಜೂನ್ ಬಿತ್ತನೆಗೆ ಮುಂಚೆ ಆಳಂದ, ಜೇವರ್ಗಿ, ಸೇಡಂ, ಚಿತ್ತಾಪುರ ಅಂತ ದಿನವಿಡೀ ಅಂಗಡಿ ಅಂಗಡಿ ತಿರುಗಬೇಕು. ಕಂಪನಿಯ ಆ್ಯಪ್‌ನಲ್ಲಿ ಲೊಕೇಶನ್ ಆನ್ ಇರಲೇಬೇಕು, ಇಲ್ಲದಿದ್ದರೆ ಆ ದಿನದ ಭತ್ಯೆ ಇಲ್ಲ. ಹಾಗಾಗಿ ನನಗೆ ಕ್ಯಾಮೆರಾ ಹೇಗಿದ್ದರೂ ನಡೆಯುತ್ತದೆ, ಬ್ಯಾಟರಿ ಮಾತ್ರ ಗಟ್ಟಿ ಇರಬೇಕು. ಹಳೆಯ ಫೋನ್ ಕೈಕೊಟ್ಟಾಗ ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಒಂದು ಅಂಗಡಿಗೆ ಹೋದೆ. ಹೊಸದಕ್ಕೆ 19,999 ರೂಪಾಯಿ ಇದ್ದ ಮಾಡೆಲ್, ಅಲ್ಲಿ ‘ಓಪನ್ ಬಾಕ್ಸ್’ ಅಂತ 15,500ಕ್ಕೆ ಇಟ್ಟಿದ್ದರು. 5000 ಎಂಎಎಚ್ ಬ್ಯಾಟರಿ (ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ), 67 ವಾಟ್ ಚಾರ್ಜಿಂಗ್ (ಎಷ್ಟು ಬೇಗ ತುಂಬುತ್ತದೆ ಅನ್ನುವ ಅಳತೆ).

“ಬಾಕ್ಸ್ ಅಷ್ಟೇ ಓಪನ್ ಆಗ್ಯಾದ್ರಿ ಸರ್. ಕಲರ್ ಬ್ಯಾಡ ಅಂತ ಕಸ್ಟಮರ್ ವಾಪಸ್ ಕೊಟ್ಟಾರ. ಒಂದ್ ದಿನಾನೂ ಯೂಸ್ ಆಗಿಲ್ರಿ.”

ನಾನು ಪೆದ್ದನಲ್ಲ ಅಂತ ತೋರಿಸಬೇಕಲ್ಲ, “ಬ್ಯಾಟರಿ ಚೆಕ್ ಮಾಡಿ ತೋರಿಸ್ರಿ” ಅಂದೆ. ಅವರು ಅದಕ್ಕೇ ಕಾಯುತ್ತಿದ್ದ ಹಾಗೆ ಕೌಂಟರ್ ಮೇಲಿದ್ದ ಚಾರ್ಜರ್‌ಗೆ ಹಾಕಿದರು. ಪಕ್ಕದಲ್ಲಿ ಇನ್ನೊಂದು ಫೋನಿನಲ್ಲಿ ಸ್ಟಾಪ್‌ವಾಚ್ ಶುರು. ಮೇಲೆ ಎಸಿ ತಣ್ಣಗೆ ಬೀಸುತ್ತಿತ್ತು, ಕೈಯಲ್ಲಿ ಚಹಾ. 20ರಿಂದ 50 ಪರ್ಸೆಂಟ್ ಎಂಟೇ ನಿಮಿಷದಲ್ಲಿ! ಅಲ್ಲೇ ಯುಪಿಐ ಮಾಡಿಬಿಟ್ಟೆ.

ಈ ಸ್ಟಾಪ್‌ವಾಚ್ ಆಟದ ಬಗ್ಗೆ ಎಲ್ಲರಿಗೂ ಹೇಳಬೇಕು ಅಂತಲೇ ಇದನ್ನು ಬರೆಯುತ್ತಿದ್ದೇನೆ. ಸಣ್ಣ ಕೊಡ ಬೇಗ ತುಂಬುತ್ತದೆ, ಅಲ್ವಾ? ಬ್ಯಾಟರಿಯೂ ಹಾಗೆಯೇ. ಪರದೆಯ ಮೇಲೆ ಕಾಣುವ ಪರ್ಸೆಂಟ್ ಅನ್ನುವುದು ಆ ಬ್ಯಾಟರಿಯಲ್ಲಿ ಈಗ ಎಷ್ಟು ಹಿಡಿಯುತ್ತದೋ ಅದರ ಪಾಲು. ಹೊಸದಾಗಿದ್ದಾಗ ಎಷ್ಟು ಹಿಡಿಯುತ್ತಿತ್ತು ಅನ್ನುವುದರ ಪಾಲಲ್ಲ. ಹಾಗಾಗಿ ಅರ್ಧ ಸತ್ತ ಬ್ಯಾಟರಿಯೂ ಜಮ್ಮಂತ 100 ತೋರಿಸುತ್ತದೆ, ಹೊಸದಕ್ಕಿಂತ ಬೇಗನೇ ತೋರಿಸಬಹುದು. ಚಾರ್ಜ್ ಆಗುವ ವೇಗ ನೋಡಿ ಬ್ಯಾಟರಿ ಚೆನ್ನಾಗಿದೆ ಅನ್ನುವುದು, ಚೀಲ ಎಷ್ಟು ಬೇಗ ತುಂಬಿತು ಅಂತ ನೋಡಿ ತೊಗರಿಯ ತೂಕ ಹೇಳಿದ ಹಾಗೆ.

ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಮೊದಲ ವಾರ ನನಗೆ ಸಿಟ್ಟು ಬಂದದ್ದು ಬೇರೆ ವಿಷಯಕ್ಕೆ. ಬಾಕ್ಸ್‌ನಲ್ಲಿದ್ದ ಚಾರ್ಜರ್‌ಗೆ ಮನೆಯಲ್ಲಿ ಹಾಕಿದರೆ ಪೂರ್ತಿ ತುಂಬಲು ಒಂದು ಗಂಟೆ ಐವತ್ತು ನಿಮಿಷ ಬೇಕಾಗುತ್ತಿತ್ತು. ಇದೇನು 67 ವಾಟ್? ಅದರ ಮೇಲೆ ಮಧ್ಯಾಹ್ನ ಹಾಕಿದರೆ ನಡುವೆಯೇ ನಿಂತು, ಫೋನ್ ಬಿಸಿಯಾಗಿದೆ ಅಂತ ಸಂದೇಶ. ಅಂಗಡಿಗೆ ಫೋನ್ ಮಾಡಿದೆ. “ಕಲಬುರಗಿ ಬಿಸಿಲ್ರಿ ಸರ್, ಫೋನ್ ಏನ್ ಮಾಡ್ತದ? ಮಳಿ ಬಂದ ಮ್ಯಾಲೆ ಎಲ್ಲಾ ಸರಿ ಆಗ್ತದ್ರಿ” ಅಂದರು.

ಕೆಟ್ಟ ವಿಷಯ ಏನೆಂದರೆ, ಅವರ ಮಾತಿನಲ್ಲಿ ಅರ್ಧ ನಿಜ ಇತ್ತು. ಲಿಥಿಯಂ ಬ್ಯಾಟರಿಯನ್ನು ಸಾಮಾನ್ಯವಾಗಿ 45 ಡಿಗ್ರಿಗಿಂತ ಬಿಸಿ ಇರುವಾಗ ಚಾರ್ಜ್ ಮಾಡಬಾರದು. ಅದಕ್ಕೇ ಬಿಸಿ ಏರಿದಂತೆ ಫೋನ್ ತಾನೇ ಕರೆಂಟ್ ಕಡಿಮೆ ಮಾಡುತ್ತದೆ, ಇಲ್ಲವೇ ನಿಲ್ಲಿಸುತ್ತದೆ. ನಮ್ಮಲ್ಲಿ ಮೇ ತಿಂಗಳಲ್ಲಿ ಹೊರಗೇ 42, 43 ಇರುತ್ತದೆ. ತಗಡಿನ ಸೂರಿನ ಕೆಳಗೆ ಫೋನ್ ಇಟ್ಟರೆ ಅದು ಹೊಸದಾದರೂ ನರಳುತ್ತದೆ. ಆ ಅರ್ಧ ನಿಜ ನಂಬಿಕೊಂಡು ನಾನು ಒಂದು ವಾರ ಸುಮ್ನೆ ಕಳೆದೆ. ಆ ಒಂದು ವಾರವೇ ಅವರಿಗೆ ಬೇಕಾಗಿತ್ತು. ರಸೀದಿಯ ಮೇಲೆ ‘7 ದಿನ ಟೆಸ್ಟಿಂಗ್ ವಾರಂಟಿ’ ಅಂತ ಸೀಲ್ ಇತ್ತು.

ಪಂಪಿನಲ್ಲಿ ಮರ್ಯಾದೆ ಹೋದ ಮೇಲೆ ನಮ್ಮ ಓಣಿಯ ರಿಪೇರಿ ಹುಡುಗನ ಹತ್ತಿರ ಹೋದೆ. ಚಾರ್ಜರ್ ಮತ್ತು ಕೇಬಲ್ ನಡುವೆ ಸಿಗಿಸುವ ಒಂದು ಸಣ್ಣ ಯುಎಸ್‌ಬಿ ಮೀಟರ್ ಅವನ ಹತ್ತಿರ ಇತ್ತು. ಎಷ್ಟು ವೋಲ್ಟ್, ಎಷ್ಟು ಆಂಪ್, ಒಟ್ಟು ಎಷ್ಟು ವಾಟ್-ಅವರ್ (ಅಂದರೆ ಎಷ್ಟು ವಿದ್ಯುತ್) ಒಳಗೆ ಹೋಯಿತು, ಎಲ್ಲ ತೋರಿಸುತ್ತದೆ. ನನ್ನ ಚಾರ್ಜರ್ ಹಾಕಿದ. 5 ವೋಲ್ಟ್, 1.9 ಆಂಪ್. ಅಂದರೆ ಸುಮಾರು ಒಂಬತ್ತೂವರೆ ವಾಟ್. ಮೇಲೆ 67 ಅಂತ ಅಚ್ಚು ಹಾಕಿದ್ದರೂ ಅದು ಕಂಪನಿಯ ಚಾರ್ಜರ್ ಅಲ್ಲ. ಫಾಸ್ಟ್ ಚಾರ್ಜಿಂಗ್‌ನಲ್ಲಿ ಫೋನ್, ಕೇಬಲ್, ಚಾರ್ಜರ್ ಮೂರೂ ಒಂದಕ್ಕೊಂದು ಮಾತಾಡಿ ಒಪ್ಪಿಕೊಳ್ಳಬೇಕು. ಒಪ್ಪಿಗೆ ಆಗದಿದ್ದರೆ ಹಳೆಯ ಕಾಲದ 10 ವಾಟ್‌ಗೆ ಇಳಿದುಬಿಡುತ್ತದೆ. ಮೀಟರ್ ನಡುವೆ ಇದ್ದರೂ ಕೆಲವು ಫೋನ್‌ಗಳಲ್ಲಿ ಹೀಗಾಗುತ್ತದೆ. ಅದಕ್ಕೆ ಮೀಟರ್ ತೆಗೆದೂ ಹಾಕಿ ನೋಡಿದ, ಫಾಸ್ಟ್ ಚಾರ್ಜಿಂಗ್ ಗುರುತು ಬರಲೇ ಇಲ್ಲ.

“ಹಂಗಾದ್ರ ಚಾರ್ಜರ್ ಅಷ್ಟೇ ಡುಪ್ಲಿಕೇಟ್” ಅಂತ ಸಮಾಧಾನ ಮಾಡಿಕೊಂಡೆ.

ಅವನು ತಲೆ ಅಲ್ಲಾಡಿಸಿದ. “ಅಣ್ಣಾ, ಹತ್ತು ವಾಟಿನಾಗ 5000 ಎಂಎಎಚ್ ತುಂಬಾಕ ಎರಡೂವರೆ ತಾಸಿನ ಮ್ಯಾಲೆ ಬೇಕು. ನಿಮ್ದು ಎರಡು ತಾಸಿನ ಒಳಗ ಹೆಂಗ್ ತುಂಬ್ತದ?”

ನಾನು ನಿಧಾನ ಅಂತ ಬೈಯುತ್ತಿದ್ದದ್ದು ನಿಜವಾಗಿ ಅತಿ ಬೇಗ ಆಗಿತ್ತು!

ಮೀಟರ್ ಮನೆಗೆ ತಂದೆ. ಮುಂದಿನ ನಾಲ್ಕು ದಿನ ನಾನು ಮಾಡಿದ್ದನ್ನು ನೋಡಿ ಮನೆಯವಳು ನನಗೆ ಹುಚ್ಚು ಹಿಡಿದಿದೆ ಅಂದುಕೊಂಡಳು. ಬಿಸಿಲಿನ ನೆಪ ಯಾರೂ ಹೇಳಬಾರದು ಅಂತ ಬೆಳಗಿನ ಐದು ಗಂಟೆಗೆ, ಕೂಲರ್ ಇರುವ ಕೋಣೆಯಲ್ಲಿ ಪರೀಕ್ಷೆ. ಫೋನ್ ಪೂರ್ತಿ ಖಾಲಿಯಾಗಿ ಆಫ್ ಆಗುವ ತನಕ ಬಿಡುವುದು. ಆಫ್ ಇರುವಾಗಲೇ ಚಾರ್ಜ್‌ಗೆ ಹಾಕುವುದು, ಇಲ್ಲದಿದ್ದರೆ ಪರದೆಯೇ ಒಂದಿಷ್ಟು ತಿಂದು ಲೆಕ್ಕ ಕೆಡುತ್ತದೆ. 100 ಆದಾಗ ಮೀಟರ್ ನೋಡಿ ಬರೆದುಕೊಳ್ಳುವುದು. ಮೂರು ಸಲ ಮಾಡಿದೆ: 14.1, 13.8, 14 ವಾಟ್-ಅವರ್. ಆಮೇಲೆ ಮನೆಯವಳ ಫೋನ್ ಕಸಿದುಕೊಂಡು ಅದೇ ಚಾರ್ಜರ್‌ನಲ್ಲಿ ಹಾಕಿದೆ. ಅದೂ 5000 ಎಂಎಎಚ್, ಕೊಂಡು ಎರಡು ವರ್ಷ ಆಗಿದೆ. ಅದು ತೆಗೆದುಕೊಂಡದ್ದು 20.4.

ಲೆಕ್ಕ ಸುಲಭ. ಫೋನ್ ಬ್ಯಾಟರಿಯ ವೋಲ್ಟೇಜ್ ಸುಮಾರು 3.85. ಅದನ್ನು 5000 ಎಂಎಎಚ್‌ಗೆ, ಅಂದರೆ 5 ಆಂಪ್-ಅವರ್‌ಗೆ ಗುಣಿಸಿದರೆ 19 ವಾಟ್-ಅವರ್ ಚಿಲ್ಲರೆ. ಚಾರ್ಜ್ ಆಗುವಾಗ ಬಿಸಿಯಾಗಿ ಹಾಳಾಗುವ ಪಾಲು ಸೇರಿಸಿದರೆ ಹೊಸ ಬ್ಯಾಟರಿ 21, 22 ತೆಗೆದುಕೊಳ್ಳಬೇಕು. ನನ್ನದು 14. ಅಂದರೆ ಒಳಗೆ ಇದ್ದದ್ದು 3200, 3300 ಎಂಎಎಚ್ ಆಸುಪಾಸು. ಒಂದು ಎಚ್ಚರ: ಮೀಟರ್‌ನಲ್ಲಿ ಎಂಎಎಚ್ ಅಂತಲೂ ಒಂದು ಅಂಕಿ ಕಾಣುತ್ತದೆ, ಅದನ್ನು ನೇರವಾಗಿ 5000ಕ್ಕೆ ಹೋಲಿಸಬೇಡಿ. ಅದು 5 ವೋಲ್ಟ್ ಲೆಕ್ಕದ್ದು, ಬ್ಯಾಟರಿಯದು ಬೇರೆ. ನಾನು ಮೊದಲ ದಿನ ಅಲ್ಲೇ ಎಡವಿ ಹುಡುಗನ ಕೈಯಲ್ಲಿ ನಗಿಸಿಕೊಂಡೆ.

ಬ್ಯಾಟರಿ ಖರ್ಚಾಗುವ ಕಡೆಯಿಂದಲೂ ಒಮ್ಮೆ ನೋಡಿದೆ. ಎರಡೂ ಫೋನ್ ಫ್ಲೈಟ್ ಮೋಡ್, ಬೆಳಕು ಅರ್ಧ, ಮೊದಲೇ ಇಳಿಸಿಕೊಂಡ ಒಂದೇ ವಿಡಿಯೊ ಮತ್ತೆ ಮತ್ತೆ. ನನ್ನದು ಒಂಬತ್ತು ಗಂಟೆಗೆ ಮಲಗಿತು, ಅವಳದು ಹದಿನಾಲ್ಕು ದಾಟಿತು. ಒಟ್ಟು ಗಂಟೆಗಿಂತ ಕೊನೆಯ ಭಾಗ ನೋಡುವಂತಿತ್ತು. 100ರಿಂದ 25ರ ತನಕ ಮೆಟ್ಟಿಲು ಇಳಿದ ಹಾಗೆ ಬಂತು. ಅಲ್ಲಿಂದ ಹತ್ತೇ ನಿಮಿಷದಲ್ಲಿ 6ಕ್ಕೆ ಬಿತ್ತು. ಸವೆದ ಅಥವಾ ಕಳಪೆ ಬ್ಯಾಟರಿಯ ಗುಣ ಇದು. ಕರೆಂಟ್ ಹರಿಯುವುದಕ್ಕೆ ಬ್ಯಾಟರಿಯ ಒಳಗೇ ಇರುವ ತಡೆ ಹೆಚ್ಚಾಗಿರುತ್ತದೆ. ಕ್ಯಾಮೆರಾದಂಥದ್ದು ತೆರೆದು ಒಮ್ಮೆಲೇ ಕರೆಂಟ್ ಎಳೆದರೆ ವೋಲ್ಟೇಜ್ ಕುಸಿದು ಫೋನ್ ಆಫ್ ಆಗುತ್ತದೆ. ಪಂಪಿನಲ್ಲಿ ಆದದ್ದು ಅದೇ.

ಕಂಪನಿಯ ಸರ್ವಿಸ್ ಸೆಂಟರ್‌ನಲ್ಲಿ ಐಎಂಇಐ (ಪ್ರತಿ ಫೋನಿಗೂ ಬೇರೆ ಬೇರೆ ಇರುವ ಗುರುತಿನ ನಂಬರ್) ಹಾಕಿ ನೋಡಿದರು. ‘ಒಂದ್ ದಿನಾನೂ ಯೂಸ್ ಆಗದ’ ನನ್ನ ಫೋನ್ ಶುರುವಾಗಿ 19 ತಿಂಗಳು. ವಾರಂಟಿ ಮೊದಲ ಮಾಲೀಕನ ದಿನದಿಂದಲೇ ಓಡುತ್ತದೆ, ಅದು ಮುಗಿದು ಏಳು ತಿಂಗಳಾಗಿತ್ತು. ಹಿಂದಿನ ಕವರ್ ಬಿಚ್ಚಿದಾಗ ಅದು ಒಮ್ಮೆ ಕಿತ್ತು ಅಂಟಿಸಿದ್ದು ಅಂತ ಗೊತ್ತಾಯಿತು. ಒಳಗೆ ಕಂಪನಿಯದಲ್ಲದ ಬ್ಯಾಟರಿ. ಮೇಲೆ 5000 ಅಂತ ದಪ್ಪ ಅಕ್ಷರದಲ್ಲಿ ಇತ್ತು (ಬರೆಯಲು ಏನು ಖರ್ಚು?), ಆದರೆ ಸರ್ಕಾರದ ಗುಣಮಟ್ಟ ಸಂಸ್ಥೆ ಬಿಐಎಸ್‌ನ ಗುರುತಾಗಲಿ, ‘ಆರ್’ನಿಂದ ಶುರುವಾಗುವ ನೋಂದಣಿ ನಂಬರ್ ಆಗಲಿ ಇರಲಿಲ್ಲ. ನಮ್ಮ ದೇಶದಲ್ಲಿ ಮಾರುವ ಫೋನ್ ಬ್ಯಾಟರಿ, ಚಾರ್ಜರ್ ಎರಡಕ್ಕೂ ಆ ನೋಂದಣಿ ಕಡ್ಡಾಯ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ನಂಬರ್ ಹಾಕಿದರೆ ಯಾರ ಹೆಸರಿನಲ್ಲಿದೆ ಅಂತ ಬರುತ್ತದೆ. ನನ್ನ ಚಾರ್ಜರ್ ಮೇಲೆ ನಂಬರ್ ಇತ್ತು. ಹಾಕಿ ನೋಡಿದರೆ ಯಾವುದೋ ಬೇರೆ ಸಾಮಾನಿನದು.

ಅಂಗಡಿಗೆ ಹೋದೆ, ಜಗಳ ಆಯಿತು, ಅದನ್ನು ಉದ್ದ ಬರೆಯುವುದಿಲ್ಲ. ನನ್ನ ಕೈ ಕಟ್ಟಿದ್ದು ನನ್ನದೇ ರಸೀದಿ. ‘ಎಸ್ಟಿಮೇಟ್’ ಅಂತ ಬರೆದ ಚೀಟಿ, ಜಿಎಸ್‌ಟಿ ನಂಬರ್ ಇಲ್ಲ, ಐಎಂಇಐ ಇಲ್ಲ. “ಇದು ನಮ್ಮ ಅಂಗಡಿ ಫೋನೇ ಅಂತ ಏನ್ ಗ್ಯಾರಂಟಿ?” ಅಂತ ನನ್ನನ್ನೇ ಕೇಳಿದರು. ಯುಪಿಐ ಹೋದದ್ದು ಅಂಗಡಿಯ ಹೆಸರಿಗಲ್ಲ, ಯಾರೋ ವ್ಯಕ್ತಿಯ ಖಾತೆಗೆ. ಅಂಗಡಿಯಲ್ಲಿ ನಿಂತೇ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಟ್ಟೆ. ಅವರು ಮೊದಲು ಕೇಳಿದ್ದೂ ಬಿಲ್ಲನ್ನೇ. ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಲು ವಕೀಲರೇ ಬೇಕಿಲ್ಲ, 5 ಲಕ್ಷದ ತನಕದ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಪಕ್ಕಾ ಬಿಲ್ ಇದ್ದಿದ್ದರೆ ಖಂಡಿತ ಹೋಗುತ್ತಿದ್ದೆ. ಕೊನೆಗೆ ಅಂಗಡಿಯವರು ಸಮಾಧಾನಕ್ಕೆ ಅಂತ ಒಂದು ಟೆಂಪರ್ಡ್ ಗ್ಲಾಸ್ ಕೊಟ್ಟರು. ತೆಗೆದುಕೊಂಡು ಬಂದೆ. ಯಾಕೆ ತೆಗೆದುಕೊಂಡೆನೋ, ಈಗಲೂ ನಾಚಿಕೆಯಾಗುತ್ತದೆ.

ಕಂಪನಿಯ ಬ್ಯಾಟರಿ 2,000, ಚಾರ್ಜರ್ ಮತ್ತು ಕೇಬಲ್ 1,400. ಫೋನಿನ 15,500 ಸೇರಿ ಒಟ್ಟು 18,900. ಇನ್ನು 1,099 ಹಾಕಿದ್ದರೆ ಹೊಸದೇ ಬರುತ್ತಿತ್ತು, ಒಂದು ವರ್ಷದ ವಾರಂಟಿ ಸಮೇತ.

ಓಪನ್ ಬಾಕ್ಸ್ ಕೊಳ್ಳಲೇಬೇಡಿ ಅಂತ ನಾನು ಹೇಳುವುದಿಲ್ಲ, ಎಲ್ಲರ ಕೈಯಲ್ಲೂ ಇಪ್ಪತ್ತು ಸಾವಿರ ಇರುವುದಿಲ್ಲ. ಆದರೆ ದುಡ್ಡು ಕೊಡುವ ಮುಂಚೆ *#06# ಒತ್ತಿ ಐಎಂಇಐ ತೆಗೆದು, ಪಕ್ಕಾ ಬಿಲ್‌ನಲ್ಲಿ ಅದನ್ನು ಬರೆಸಿಕೊಳ್ಳಿ. ಬರೆಯಲ್ಲ ಅಂದರೆ ಅಲ್ಲಿಂದಲೇ ಎದ್ದು ಬನ್ನಿ. ಇಂಗ್ಲಿಷ್‌ನಲ್ಲಿ ಕೆವೈಎಂ ಅಂತ ಟೈಪ್ ಮಾಡಿ, ಜಾಗ ಬಿಟ್ಟು ಐಎಂಇಐ ಹಾಕಿ 14422ಕ್ಕೆ ಮೆಸೇಜ್ ಕಳಿಸಿದರೆ ಯಾವ ಕಂಪನಿ, ಯಾವ ಮಾಡೆಲ್, ಬ್ಲಾಕ್ ಆಗಿದೆಯಾ ಅಂತ ಉತ್ತರ ಬರುತ್ತದೆ. ಫೋನ್ ಎಷ್ಟು ಹಳೆಯದು ಅಂತ ಮಾತ್ರ ಅದರಲ್ಲಿ ಗೊತ್ತಾಗುವುದಿಲ್ಲ. ಅದಕ್ಕೆ ಸರ್ವಿಸ್ ಸೆಂಟರ್‌ಗೆ ಒಂದು ಫೋನ್ ಮಾಡಿ, ವಾರಂಟಿ ಯಾವಾಗಿನಿಂದ ಅಂತ ಕೇಳಿ. ಬಾಕ್ಸ್‌ನ ಚಾರ್ಜರ್‌ನಿಂದಲೇ ಚಾರ್ಜ್ ಮಾಡಿ ತೋರಿಸಿ ಅನ್ನಿ, ಕೌಂಟರ್ ಮೇಲಿನದರಿಂದ ಅಲ್ಲ. ಮನೆಗೆ ತಂದ ಮೊದಲ ರಾತ್ರಿಯೇ ಖಾಲಿ ಮಾಡಿ, ಬೆಳಗಿನ ತಂಪಿನಲ್ಲಿ ಅಳೆಯಿರಿ. ನಾನು ಹತ್ತನೇ ದಿನ ಮಾಡಿದ್ದನ್ನು ಎರಡನೇ ದಿನ ಮಾಡಿದ್ದರೆ ಆ ಏಳು ದಿನದ ಸೀಲ್ ನನ್ನ ಕಡೆ ಇರುತ್ತಿತ್ತು.

ಮೀಟರ್ ಈಗ ನಾನೂ ಒಂದು ಕೊಂಡಿದ್ದೇನೆ, ಕೆಲವು ನೂರು ರೂಪಾಯಿ ಅಷ್ಟೇ. ಕಲಬುರಗಿಯವರಿಗೆ ಯಾರಿಗಾದರೂ ಬೇಕಾದರೆ ಕೇಳಿ, ಎರಡು ದಿನಕ್ಕೆ ಕೊಡುತ್ತೇನೆ. ಹೆಲ್ಮೆಟ್ ಒತ್ತೆ ಇಡಬೇಕಾಗುತ್ತದೆ.