ಟೈಮ್ ಟೈಮರ್: ಕರಗುವ ಕೆಂಪು ತಟ್ಟೆಗೆ ಅಷ್ಟು ದುಡ್ಡು ಕೊಡಬೇಕೇ?

‘ಹತ್ತು ನಿಮಿಷದಲ್ಲಿ ಹೋಂವರ್ಕ್ ಮುಗಿಸು’ ಅಂದರೆ ಕೆಲವು ಮಕ್ಕಳಿಗೆ ಹತ್ತೂ ಒಂದೇ, ನಲವತ್ತೂ ಒಂದೇ. ಕೆಲಸ ಶುರು ಮಾಡುವುದು, ಹಂತ ಹಂತವಾಗಿ ಜೋಡಿಸಿಕೊಳ್ಳುವುದು, ಎಷ್ಟು ಹೊತ್ತು ಹಿಡಿಯುತ್ತದೆಂದು ಅಂದಾಜು ಮಾಡುವುದು ಇವೆಲ್ಲ ಎಕ್ಸಿಕ್ಯುಟಿವ್ ಫಂಕ್ಷನ್ ಎಂಬ ಸಾಮರ್ಥ್ಯಕ್ಕೆ ಸೇರಿದವು. ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಸುವ ತೊಂದರೆ) ಇರುವ ಮಕ್ಕಳಲ್ಲಿ ಹೆಚ್ಚಾಗಿ ಇದೇ ಸೊರಗಿರುತ್ತದೆ. ಅಮೆರಿಕದ ಸಿನ್ಸಿನಾಟಿಯ ಜಾನ್ ರೋಜರ್ಸ್ ಎಂಬ ತಾಯಿ 1990ರ ದಶಕದಲ್ಲಿ, ‘ಇನ್ನೆಷ್ಟು ಹೊತ್ತಮ್ಮಾ?’ ಎಂದು ಕೇಳುತ್ತಲೇ ಇದ್ದ ಮಗಳಿಗಾಗಿ ರೂಪಿಸಿದ್ದು, ಉಳಿದ ಹೊತ್ತನ್ನು ಕೆಂಪು ತಟ್ಟೆಯಾಗಿ ತೋರಿಸುವ ಟೈಮ್ ಟೈಮರ್.

ಒಳಗೆ ಅಂಥ ಮಾಯಾಜಾಲವೇನಿಲ್ಲ. ತಿರುಗುಗುಂಡಿಯನ್ನು ಎಡಕ್ಕೆ ತಿರುಗಿಸಿದರೆ ಕೆಂಪು ತಟ್ಟೆ ಹೊರಬರುತ್ತದೆ, ಹೊತ್ತು ಕಳೆದ ಹಾಗೆ ಸವೆಯುತ್ತದೆ, ಸೊನ್ನೆಗೆ ಬಂದಾಗ ಬೀಪ್. ಒಂದು ಎಎ ಸೆಲ್ ಸಾಕು. ಸ್ಪ್ರಿಂಗ್ ಟೈಮರಿನ ಹಾಗೆ ಟಿಕ್ ಟಿಕ್ ಎನ್ನದು. ಸದ್ದಿಗೆ ಬೆಚ್ಚುವ ಮಕ್ಕಳಿದ್ದರೆ ಬೀಪ್ ಕೂಡ ನಿಲ್ಲಿಸಬಹುದು. ನಡುವೆ ತಡೆದು ನಿಲ್ಲಿಸುವ ಗುಂಡಿ ಮಾತ್ರ ಮುಳ್ಳಿನ ಗಡಿಯಾರದಂಥ ಮಾದರಿಗಳಲ್ಲಿಲ್ಲ. ನೀರು ಕುಡಿಯಲು ಎದ್ದರೆ ಹೊತ್ತು ಓಡುತ್ತಲೇ ಇರುತ್ತದೆ. ಬಹುಶಃ ಅದೇ ಒಳ್ಳೆಯದು.

ಬಳಸುವಾಗ ಎಡವುವುದು ಮೊದಲ ದಿನವೇ. ಪೂರ್ತಿ 60 ನಿಮಿಷ ಇಟ್ಟರೆ ಮಗುವಿನ ಮುಂದೆ ಕೆಂಪು ಬೆಟ್ಟ ನಿಂತಂತೆ, ಪೆನ್ಸಿಲ್ಲೇ ಏಳುವುದಿಲ್ಲ. ಮೊದಲ ಸುತ್ತು 5 ನಿಮಿಷ, ಅದೂ ತಯಾರಿಗೆ ಮಾತ್ರ: ಪುಸ್ತಕ ತೆರೆ, ದಿನಾಂಕ ಬರೆ, ಎಷ್ಟನೇ ಲೆಕ್ಕ ಎಂದು ಗುರುತು ಹಾಕು. ಆಮೇಲೆ 15 ನಿಮಿಷ ಕೆಲಸ, 5 ನಿಮಿಷ ಬಿಡುವು. ತಿರುಗುಗುಂಡಿ ತಿರುಗಿಸುವ ಮುಂಚೆ ಮೊದಲ ಹೆಜ್ಜೆ ಏನೆಂದು ಮಗುವೇ ಬಾಯಿಬಿಟ್ಟು ಹೇಳಬೇಕು. ಈ ಯಂತ್ರ ತೋರಿಸುವುದು ಉಳಿದ ಹೊತ್ತನ್ನಷ್ಟೇ; ಎಲ್ಲಿಂದ ಶುರು ಮಾಡಬೇಕೆಂದು ಅದು ಹೇಳದು. ‘ದುಡ್ಡು ದಂಡ’ ಎನ್ನುವವರ ಮನೆಯಲ್ಲಿ ಸಾಮಾನ್ಯವಾಗಿ ತಪ್ಪಿರುವುದು ಇದೇ ಹೆಜ್ಜೆ.

ನೋಟ್‌ಬುಕ್ಕಿನ ಅಂಚಿನಲ್ಲಿ ‘ಅಂದಾಜು 10, ಹಿಡಿದದ್ದು 18’ ಎಂದು ಬರೆಸಿ. ಬೈಯಲು ಅಲ್ಲ, ಅಂದಾಜು ಪಳಗಲು. ಕೆಂಪು ಕಿರಿದಾಗುತ್ತಿದ್ದ ಹಾಗೆ ಗಾಬರಿಬಿದ್ದು ಗೀಚುವ ಮಕ್ಕಳೂ ಇರುತ್ತಾರೆ. ಅವರ ಮುಂದಿನಿಂದ ಟೈಮರ್ ಎತ್ತಿಟ್ಟು ‘ಮೂರು ಲೆಕ್ಕ ಮಾಡಿ ಏಳು’ ಅನ್ನುವುದೇ ವಾಸಿ.

ತರಗತಿಗೆ 8 ಇಂಚಿನದು ಬೇಕು, ಕರಿಹಲಗೆಯ ಪಕ್ಕ, ಎಲ್ಲರಿಗೂ ಒಂದೇ. ಒಬ್ಬನ ಡೆಸ್ಕಿನ ಮೇಲೆ ಮಾತ್ರ ಇಟ್ಟರೆ ಅವನಿಗೆ ಅಡ್ಡಹೆಸರು ಗ್ಯಾರಂಟಿ. ಅತಿ ಹೆಚ್ಚು ಉಪಯೋಗ ಕೊನೆಯ ಬೆಲ್ಲಿಗೆ ಮುಂಚಿನ 5 ನಿಮಿಷದಲ್ಲಿ, ಡೈರಿ ಬರೆದು ಬ್ಯಾಗ್ ತುಂಬುವ ಹೊತ್ತಿಗೆ. ಈ ಮಕ್ಕಳ ಡೈರಿ ಖಾಲಿ ಉಳಿಯುವುದು ಆ ಗಡಿಬಿಡಿಯಲ್ಲೇ.

ನಮ್ಮ ದೊಡ್ಡ ತಕರಾರು ಅಂಕಿಗಳ ಬಗ್ಗೆ. ಗಡಿಯಾರದಲ್ಲಿ 9 ಇರುವ ಜಾಗದಲ್ಲಿ ಇಲ್ಲಿ 15 ಇದೆ, ಅಂಕಿಗಳು ಉಲ್ಟಾ ಸಾಗುತ್ತವೆ. ಎರಡು ಮೂರನೇ ಕ್ಲಾಸಿನಲ್ಲಿ ಗಡಿಯಾರ ಓದಲು ಆಗಷ್ಟೇ ಕಲಿಯುತ್ತಿರುವ ಮಗು ಗಲಿಬಿಲಿಗೊಳ್ಳುತ್ತದೆ. ಬೆಲೆಯೂ ಹಾಗೇ: ನೋಡಲು ಇದರಂತೆಯೇ ಇರುವ ಅಗ್ಗದ ಟೈಮರುಗಳಿಗಿಂತ ಹಲವು ಪಟ್ಟು. ಅಗ್ಗದ್ದು ಕೊಳ್ಳುವುದಾದರೆ 5 ನಿಮಿಷಕ್ಕಿಟ್ಟು ಫೋನಿನ ಜೊತೆ ತಾಳೆ ನೋಡಿ. ಸ್ಪ್ರಿಂಗಿನವುಗಳಲ್ಲಿ ಹಲವನ್ನು ಮೊದಲು ಮುಂದಕ್ಕೆ ತಿರುಗಿಸಿ ಹಿಂದಕ್ಕೆ ತರದಿದ್ದರೆ ಸರಿಯಾಗಿ ಬಾರಿಸವು. ಫೋನಿನ ಆ್ಯಪ್ ಬೇಡ. ಟೈಮರ್ ನೋಡಲು ಹೋದ ಕೈ ಯೂಟ್ಯೂಬಿಗೆ ಜಾರುತ್ತದೆ.

ಐದನೇ ಕ್ಲಾಸ್ ದಾಟಿದವರಿಗೆ ನಮ್ಮ ಶಿಫಾರಸು ಗಾಜಿನ ಮುಖದ ಗೋಡೆ ಗಡಿಯಾರ ಮತ್ತು ವೈಟ್‌ಬೋರ್ಡ್ ಮಾರ್ಕರ್. 6:10ಕ್ಕೆ ಶುರು ಎಂದರೆ 2ರಿಂದ 5ರವರೆಗೆ ಗಾಜಿನ ಮೇಲೆ ಬಣ್ಣ ತುಂಬಿ, ನಡುವೆ ಒಂದು ಗೆರೆ ಎಳೆಯಿರಿ. ದೊಡ್ಡ ಮುಳ್ಳು ಆ ಗೆರೆ ಮುಟ್ಟಿದಾಗ ಅರ್ಧ ಆಗಿದೆಯೇ ಎಂದು ಮಗುವೇ ನೋಡಿಕೊಳ್ಳಲಿ. ಆಮೇಲೆ ಬಟ್ಟೆಯಲ್ಲಿ ಒರೆಸಿದರಾಯಿತು. ಪ್ಲಾಸ್ಟಿಕ್ ಮುಖದ್ದಾದರೆ ಕಲೆ ಉಳಿಯಬಹುದು.

ಈ ಅಭ್ಯಾಸ ಪರೀಕ್ಷೆಗೂ ನೆರವಾಗುತ್ತದೆ. ಕಲಿಕಾ ನ್ಯೂನತೆಯ ಪ್ರಮಾಣಪತ್ರದ ಮೇಲೆ ಗಂಟೆಗೆ 20 ನಿಮಿಷ ಹೆಚ್ಚುವರಿ ಸಿಕ್ಕರೆ ಮೂರು ಗಂಟೆಯ ಪರೀಕ್ಷೆ ನಾಲ್ಕು ಗಂಟೆಯಾಗುತ್ತದೆ. ಆ ಒಂದು ಗಂಟೆ ಎಲ್ಲಿ ಹೋಯಿತೆಂದೇ ತಿಳಿಯದೆ ಹೊರಬರುವ ಮಕ್ಕಳೇ ಹೆಚ್ಚು. ಒಂಬತ್ತನೇ ಕ್ಲಾಸಿನಿಂದಲೇ ಮುಳ್ಳಿನ ಕೈಗಡಿಯಾರ ಕಟ್ಟಿಸಿ, ಪ್ರತಿ ವಿಭಾಗ ಎಷ್ಟು ಗಂಟೆಗೆ ಮುಗಿಯಬೇಕೆಂದು ಪ್ರಶ್ನೆಪತ್ರಿಕೆಯ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಳ್ಳುವುದನ್ನು ರೂಢಿಸಿ.