ದನಗಳ ನೋವಿನ ಸೂಜಿ ಮೆಲಾಕ್ಸಿಕಾಂ: ‘ಹಿಡಿಯಲ್ಲ’ ಎಂಬ ದೂರು ಎಷ್ಟು ನಿಜ?

ಕೆಚ್ಚಲು ಬಾವು, ಮೂರು ದಿನದ ಜ್ವರ, ಕುಂಟು, ಕರು ಹಾಕುವಾಗಿನ ತೊಂದರೆ. ರಾಸು ಮೇವು ಬಿಟ್ಟು ನಿಂತಾಗ ನೋವು, ಜ್ವರ, ಊತ ಮೂರನ್ನೂ ಇಳಿಸಲು ಪಶುವೈದ್ಯರು ಕೊಡುವ ಸೂಜಿಮದ್ದುಗಳಲ್ಲಿ ಮೆಲಾಕ್ಸಿಕಾಂ ಮುಖ್ಯವಾದದ್ದು. ಆದರೆ ಹೈನುಗಾರರಲ್ಲಿ ಅದಕ್ಕೆ ಒಂದು ಕೆಟ್ಟ ಹೆಸರು ಅಂಟಿಕೊಂಡಿದೆ: ‘ಹಳೇ ನೋವಿನ ಸೂಜಿ ಡೈಕ್ಲೋಫೆನಾಕ್ ಹಿಡಿದ ಹಾಗೆ ಇದು ಹಿಡಿಯಲ್ಲ.’ ಈ ದೂರಿನಲ್ಲಿ ನಿಜ ಸ್ವಲ್ಪ ಇದೆ. ಮಿಕ್ಕಿದ್ದೆಲ್ಲ ಅಳತೆಯ ತಪ್ಪು.

ದನಗಳಿಗೆ ಮೆಲಾಕ್ಸಿಕಾಂ ಪ್ರಮಾಣ ಕಿಲೋ ತೂಕಕ್ಕೆ 0.5 ಮಿಲಿಗ್ರಾಂ. ಬಾಟಲಿಯ ಮೇಲೆ ‘ಮಿಲಿಗೆ 5 ಮಿಗ್ರಾಂ’ ಎಂದಿದ್ದರೆ 10 ಕಿಲೋಗೆ 1 ಮಿಲಿ ಬೇಕು. 420 ಕಿಲೋ ತೂಗುವ ಎಚ್.ಎಫ್. ಮಿಶ್ರತಳಿ ಹಸುವಿಗೆ ಲೆಕ್ಕ ಹಾಕಿ: 210 ಮಿಗ್ರಾಂ, ಅಂದರೆ 42 ಮಿಲಿ. 30 ಮಿಲಿಯ ಬಾಟಲಿ ಪೂರ್ತಿ ಖಾಲಿ ಮಾಡಿದರೂ ಸಾಲುವುದಿಲ್ಲ. ಹೀಗಿರುವಾಗ 15 ಮಿಲಿ ಚುಚ್ಚಿ ‘ಗುಣ ಕಾಣಲಿಲ್ಲ’ ಎಂದರೆ ಮದ್ದಿನ ತಪ್ಪೇನು? ಬೇಕಾದದ್ದರ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚಷ್ಟೇ ಒಳಗೆ ಹೋಗಿದೆ. ಮಿಲಿಗೆ 20 ಮಿಗ್ರಾಂ ಇರುವ ಬಾಟಲಿ ಸಿಕ್ಕರೆ ಅದನ್ನೇ ಆರಿಸಿ. ಅದೇ ಹಸುವಿಗೆ 10.5 ಮಿಲಿ ಸಾಕು. ಒಂದೇ ಜಾಗಕ್ಕೆ ತುಂಬಾ ಮದ್ದು ತುಂಬುವ ಕಷ್ಟವೂ ತಪ್ಪುತ್ತದೆ. ಎರಡು ಸಾಂದ್ರತೆಗಳನ್ನು ಅದಲುಬದಲು ಮಾಡಿಕೊಂಡರೆ ಮಾತ್ರ ಅಪಾಯ: 20ರ ಬಾಟಲಿಯಿಂದ 42 ಮಿಲಿ ಎಳೆದರೆ ನಾಲ್ಕು ಪಟ್ಟು ಮದ್ದು ಹೋಗುತ್ತದೆ. ಆದ್ದರಿಂದ ಪ್ರತಿ ಸಲವೂ ಲೇಬಲ್ ಓದಬೇಕು.

ತೂಕದ ಯಂತ್ರ ಇಲ್ಲದವರಿಗೆ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ, ಭುಜದ ಮೂಳೆಯಿಂದ ಹಿಂಭಾಗದ ಕುಂಡಿ ಮೂಳೆಯವರೆಗೆ ಉದ್ದ, ಎರಡನ್ನೂ ಇಂಚಿನಲ್ಲಿ ಅಳೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಕಿಲೋ ಲೆಕ್ಕದಲ್ಲಿ ಅಂದಾಜು ತೂಕ ಬರುತ್ತದೆ. 68 ಇಂಚು ಸುತ್ತಳತೆ, 60 ಇಂಚು ಉದ್ದ ಇದ್ದರೆ ಸುಮಾರು 420 ಕಿಲೋ.

ಇನ್ನು ದೂರಿನಲ್ಲಿರುವ ನಿಜದ ಭಾಗ. ಚರ್ಮದಡಿ ಕೊಟ್ಟಾಗ ಹಾಲು ಕೊಡುವ ಹಸುವಿನ ರಕ್ತದಲ್ಲಿ ಮದ್ದು ಗರಿಷ್ಠ ಮಟ್ಟ ಮುಟ್ಟಲು ಸುಮಾರು 4 ಗಂಟೆ ಬೇಕು, ಎಳೆ ರಾಸುಗಳಲ್ಲಿ 7ರಿಂದ 8 ಗಂಟೆ. ಅರ್ಧ ಗಂಟೆಯಲ್ಲಿ ಎದ್ದು ಮೇಯಬೇಕೆಂದು ಕಾಯುವವರಿಗೆ ನಿರಾಸೆಯಾಗುತ್ತದೆ. ಆದರೆ ಒಳಹೊಕ್ಕ ಮದ್ದು ಬೇಗ ಇಳಿಯುವುದಿಲ್ಲ. ಹಾಲಿನ ಹಸುವಿನಲ್ಲಿ ಅರ್ಧದಷ್ಟು ಕಡಿಮೆಯಾಗಲು 17 ಗಂಟೆಗೂ ಹೆಚ್ಚು ಬೇಕು. ಮತ್ತೆ ಮತ್ತೆ ಚುಚ್ಚುವ ಅಗತ್ಯ ಬಾರದಿರುವುದು ಇದರಿಂದಲೇ. ತುರ್ತಾಗಿ ಬೇಕಾದರೆ ರಕ್ತನಾಳಕ್ಕೆ ಕೊಡಬಹುದು. ಅದು ವೈದ್ಯರ ಕೈಕೆಲಸ.

ಇಷ್ಟು ತಡಮಾಡುವ ಮದ್ದನ್ನೇ ಯಾಕೆ ಹಿಡಿಯಬೇಕು ಎಂದರೆ, ಉತ್ತರ ರಾಮನಗರದ ರಾಮದೇವರ ಬೆಟ್ಟದ ಬಂಡೆಗಳಲ್ಲಿದೆ. 2012ರಲ್ಲಿ ರಣಹದ್ದುಗಳ ಧಾಮವಾದ ಈ ಬೆಟ್ಟದಲ್ಲಿ ಗೂಡು ಕಟ್ಟುವುದು ಉದ್ದ ಕೊಕ್ಕಿನ ರಣಹದ್ದು. ಬಂಡೀಪುರ, ನಾಗರಹೊಳೆಯ ಕಡೆ ಬಿಳಿ ಬೆನ್ನಿನದೂ ಕೆಂಪು ತಲೆಯದೂ ಇವೆ. ಮೂರೂ ಅಳಿವಿನ ತೀವ್ರ ಅಂಚಿನಲ್ಲಿರುವ ಜಾತಿಗಳು. 1990ರ ದಶಕದ ಆರಂಭದಿಂದ 2007ರ ಹೊತ್ತಿಗೆ ಭಾರತದ ಬಿಳಿ ಬೆನ್ನಿನ ರಣಹದ್ದುಗಳಲ್ಲಿ ಶೇ 99.9ರಷ್ಟು ಇಲ್ಲವಾದವು. ಕಾರಣ ಡೈಕ್ಲೋಫೆನಾಕ್ ಎಂದು ಪಾಕಿಸ್ತಾನದಲ್ಲಿ ನಡೆದ ಅಧ್ಯಯನ 2004ರಲ್ಲಿ ತೋರಿಸಿತು. ಮದ್ದು ಪಡೆದು ಸತ್ತ ದನವನ್ನು ತಿಂದ ಹದ್ದಿನ ಮೂತ್ರಪಿಂಡ ಕೆಡುತ್ತದೆ, ಯೂರಿಕ್ ಆಮ್ಲ ಹರಳುಗಟ್ಟಿ ಒಳಾಂಗಗಳ ಮೇಲೆ ಸುಣ್ಣದಂತೆ ಕೂರುತ್ತದೆ, ಕೆಲವೇ ದಿನಗಳಲ್ಲಿ ಸಾವು. ನೂರು ಹೆಣಗಳಲ್ಲಿ ಒಂದಕ್ಕಿಂತ ಕಡಿಮೆ ವಿಷವಾಗಿದ್ದರೂ ಈ ಕುಸಿತಕ್ಕೆ ಸಾಕು ಎಂಬುದು ಲೆಕ್ಕಾಚಾರ. ವರ್ಷಕ್ಕೆ ಒಂದೇ ಮೊಟ್ಟೆ ಇಡುವ ಹಕ್ಕಿ ಆ ನಷ್ಟವನ್ನು ಹೇಗೆ ತುಂಬೀತು!

ಆದರೆ ಮೆಲಾಕ್ಸಿಕಾಂ ರಣಹದ್ದುಗಳ ಮೇಲಿನ ಪರೀಕ್ಷೆಯಲ್ಲಿ ಗೆದ್ದಿತು. ಮೊದಲು ಆಫ್ರಿಕಾದ ರಣಹದ್ದುಗಳಿಗೆ, ಆಮೇಲೆ ನಮ್ಮ ಜಾತಿಗಳಿಗೆ ನೇರವಾಗಿ ಕೊಟ್ಟು, ಮದ್ದು ಕೊಟ್ಟ ದನದ ಮಾಂಸ ತಿನ್ನಿಸಿಯೂ ನೋಡಿದರು. ಹಕ್ಕಿಗಳಿಗೆ ಏನೂ ಆಗಲಿಲ್ಲ. 2006ರಲ್ಲಿ ಫಲಿತಾಂಶ ಪ್ರಕಟವಾಯಿತು, ಅದೇ ವರ್ಷ ಭಾರತ ಪಶುಗಳಿಗೆ ಡೈಕ್ಲೋಫೆನಾಕ್ ನಿಲ್ಲಿಸಿತು. ಮನುಷ್ಯರಿಗೆಂದು ಮಾಡಿದ ಡೈಕ್ಲೋಫೆನಾಕಿನ ದೊಡ್ಡ ಬಾಟಲಿಗಳು ಕೊಟ್ಟಿಗೆಗೆ ನುಸುಳುತ್ತಿದ್ದುದರಿಂದ 2015ರಲ್ಲಿ ಅವನ್ನು 3 ಮಿಲಿಯ ಒಂದೇ ಡೋಸಿಗೆ ಇಳಿಸಿದರು. ಅಂಗಡಿಯಲ್ಲಿ ಯಾರಾದರೂ ಅಂಥ ಸಣ್ಣ ಬಾಟಲಿಗಳನ್ನು ಹಿಡಿಗಟ್ಟಲೆ ದನಕ್ಕೆಂದು ಕೊಟ್ಟರೆ ಬೇಡವೆನ್ನಿ.

ಬದಲಿಗೆ ಸಿಗುವ ಬೇರೆ ನೋವಿನ ಮದ್ದುಗಳಲ್ಲೂ ಎಚ್ಚರ ಬೇಕು. ಅಸಿಕ್ಲೋಫೆನಾಕ್ ದನದ ಮೈಯೊಳಗೆ ಡೈಕ್ಲೋಫೆನಾಕ್ ಆಗಿಯೇ ಬದಲಾಗುತ್ತದೆ. ಅದನ್ನೂ ಕೀಟೋಪ್ರೊಫೆನನ್ನೂ 2023ರಲ್ಲಿ, ನಿಮೆಸುಲೈಡನ್ನು 2024ರ ಕೊನೆಯಲ್ಲಿ ಪಶುಗಳಿಗೆ ನಿಷೇಧಿಸಲಾಯಿತು. ಫ್ಲುನಿಕ್ಸಿನ್ ಸ್ಪೇನಿನಲ್ಲಿ ಸತ್ತ ರಣಹದ್ದಿನೊಳಗೆ ಸಿಕ್ಕಿದೆ, ಅದನ್ನೂ ದೂರವಿಡುವುದು ಲೇಸು. ಎರಡನೇ ಆಯ್ಕೆ ಬೇಕಿದ್ದರೆ ಟಾಲ್ಫೆನಾಮಿಕ್ ಆಮ್ಲ. ರಣಹದ್ದುಗಳ ಮೇಲಿನ ಪರೀಕ್ಷೆಯಲ್ಲಿ ಅದೂ ಸುರಕ್ಷಿತವೆಂದು ಕಂಡಿದೆ. ಮೆಲಾಕ್ಸಿಕಾಂ ಜೊತೆ ಬೇರೆ ಮದ್ದು ಬೆರೆಸಿದ ಬಾಟಲಿಗಳೂ ಅಂಗಡಿಯಲ್ಲಿವೆ. ಮೇಲಿನ ಪರೀಕ್ಷೆ ನಡೆದದ್ದು ಒಂಟಿ ಮೆಲಾಕ್ಸಿಕಾಂ ಮೇಲೆ, ಆದ್ದರಿಂದ ಅದನ್ನೇ ಕೇಳಿ ಪಡೆಯಿರಿ.

ಕೊರತೆಗಳೂ ಇವೆ. ಇದು ಸೋಂಕು ಕೊಲ್ಲುವುದಿಲ್ಲ. ಕೆಚ್ಚಲು ಬಾವಿಗೆ ಆ್ಯಂಟಿಬಯಾಟಿಕ್ ಬೇರೆಯೇ ಬೇಕು. ಭೇದಿಯಿಂದ ನೀರು ಬತ್ತಿದ ರಾಸುವಿಗೆ ಮೊದಲು ದ್ರವ ಏರಿಸದೆ ಕೊಟ್ಟರೆ ಅದರ ಮೂತ್ರಪಿಂಡಕ್ಕೇ ಪೆಟ್ಟು. ಸ್ಟೀರಾಯ್ಡ್ ಅಥವಾ ಇನ್ನೊಂದು ನೋವಿನ ಮದ್ದಿನ ಜೊತೆ ಕೊಟ್ಟರೆ ಹೊಟ್ಟೆಯಲ್ಲಿ ಹುಣ್ಣಾಗುವ ಭಯ. ಚುಚ್ಚಿದ ಜಾಗ ತುಸು ಊದಿ ತಾನಾಗಿ ಇಳಿಯಬಹುದು. ಯುರೋಪಿನ ನಿಯಮದಲ್ಲಿ ಹಾಲಿಗೆ 5 ದಿನ, ಮಾಂಸಕ್ಕೆ 15 ದಿನ ಬಿಡುವು. ನಿಮ್ಮ ಬಾಟಲಿಯ ಲೇಬಲ್ ಹೇಳುವಷ್ಟು ದಿನ ಆ ಹಾಲನ್ನು ಡೇರಿಗೆ ಹಾಕಬೇಡಿ.

ಚಿಕಿತ್ಸೆ ಫಲಿಸದೆ ರಾಸು ಸತ್ತರೆ ಯಾವ ಸೂಜಿ ಬಿದ್ದಿತ್ತು ಎಂದು ಚೀಟಿ ನೋಡಿ. ಡೈಕ್ಲೋಫೆನಾಕ್ ಬಿದ್ದ ರಾಸುವಿನ ಮೈಯಲ್ಲಿ ಸುಮಾರು ಮೂರು ದಿನ ಹದ್ದು ಕೊಲ್ಲುವಷ್ಟು ಮದ್ದು ಉಳಿದಿರುತ್ತದೆ. ಸೂಜಿಯ ಹೆಸರು ಗೊತ್ತಿಲ್ಲದ ಹೆಣವನ್ನು ಬಯಲಿಗೆ ಎಳೆಯದೆ, ನಾಯಿಗಳು ಕೆದಕದಷ್ಟು ಆಳ ತೋಡಿ ಹೂಳಿ.