ಮೂರು ಹ್ಯಾಂಡ್ಸ್‌ಫ್ರೀ, ಒಂದು ಹಳೇ ವ್ಯಾಗನ್‌ಆರ್

ನರಸಾಪುರದಲ್ಲಿ ಮನೆ, ಕೋಲಾರದ ಎಪಿಎಂಸಿಯ ಒಂದು ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುವ ಕೆಲಸ. ಬೆಳಿಗ್ಗೆ ಕಾರು ಹತ್ತಿದರೆ ಸಾಕು, ಫೋನ್ ಬಡಿದುಕೊಳ್ಳುತ್ತಲೇ ಇರುತ್ತದೆ. ನಿನ್ನೆ 15 ಕೆಜಿ ಬಾಕ್ಸ್ ಎಷ್ಟಕ್ಕೆ ಹೋಯ್ತು ಅಂತ ರೈತರು ಕೇಳುತ್ತಾರೆ. ಫೋನ್ ಕೈಯಲ್ಲಿ ಹಿಡಿದು ಗಾಡಿ ಓಡಿಸುವುದು ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ಅಪಾಯಕಾರಿ ಚಾಲನೆ. ಹಾಗಾಗಿ ಫೋನ್ ಕೈಯಲ್ಲಿ ಹಿಡಿಯದೆ ಮಾತಾಡುವ ಹ್ಯಾಂಡ್ಸ್‌ಫ್ರೀ ಬೇಕಾಯ್ತು, ನನ್ನ ಹಳೇ ವ್ಯಾಗನ್‌ಆರ್‌ಗೆ ಎರಡು ವರ್ಷದಲ್ಲಿ ಮೂರು ಬಗೆ ಹಾಕಿ ನೋಡಿದೆ.

ಮೊದಲು ಲೈಟರ್ ಸಾಕೆಟ್‌ಗೆ ಚುಚ್ಚುವ ಎಫ್ಎಂ ಟ್ರಾನ್ಸ್‌ಮಿಟರ್, ಫೋನಿನ ಮಾತನ್ನು ಕಾರಿನ ರೇಡಿಯೊದಲ್ಲಿ ಕೇಳಿಸುತ್ತದೆ. 700 ರೂಪಾಯಿ, ಫಿಟ್ಟಿಂಗ್ ಖರ್ಚೇ ಇಲ್ಲ. ಆದರೆ ಹೊಸಕೋಟೆ ಕಡೆ ಹೋದಂತೆಲ್ಲ ಬೆಂಗಳೂರಿನ ಸ್ಟೇಷನ್‌ಗಳು ಮಧ್ಯೆ ನುಗ್ಗುತ್ತವೆ. ಅದನ್ನಾದರೂ ಸಹಿಸಬಹುದು. ಮೈಕ್ ಇರುವುದು ಕೆಳಗೆ ಗೇರಿನ ಪಕ್ಕ, ನನ್ನ ಬಾಯಿ ಇಲ್ಲಿ. ನಾನು 'ಇನ್ನೂರೆಂಬತ್ತು' ಅಂದದ್ದು ಒಬ್ಬರಿಗೆ 'ಮುನ್ನೂರೆಂಬತ್ತು' ಅಂತ ಕೇಳಿಸಿ, ಮಂಡಿಗೆ ಬಂದು ಜಗಳ ತೆಗೆದರು. ಅವತ್ತೇ ಕಿತ್ತಿಟ್ಟೆ.

ಎರಡನೆಯದು ಸನ್ ವೈಸರ್‌ಗೆ ಸಿಕ್ಕಿಸುವ ಬ್ಲೂಟೂತ್ ಸ್ಪೀಕರ್. 1,800 ರೂಪಾಯಿ. ಮಾತು ಚೆನ್ನಾಗಿ ಕೇಳುತ್ತದೆ, ವೈರೂ ಬೇಡ. ತೊಂದರೆ ಬೇರೆ ಇದೆ. ಬೆಳಿಗ್ಗೆ ಕೋಲಾರದ ಕಡೆ ಬರುವಾಗ ಸೂರ್ಯ ನೇರ ಕಣ್ಣಿಗೆ. ವೈಸರ್ ಇಳಿಸಿದ ಕೂಡಲೇ ಬಟನ್ ಗಾಜಿನ ಕಡೆ ತಿರುಗಿಬಿಡುತ್ತದೆ! ಆಮೇಲೆ ಬೆರಳಲ್ಲಿ ತಡಕಾಡಬೇಕು. ಜೋರಾಗಿ ಬ್ರೇಕ್ ಹಾಕಿದಾಗ ಒಮ್ಮೆ ಕಳಚಿ ಕಾಲಿನ ಬಳಿ ಬಿತ್ತು. ಪೆಡಲ್ ಕೆಳಗೆ ಹೋಗಿದ್ದಿದ್ದರೆ? ಬೇರೆ ಬೇರೆ ಬಾಡಿಗೆ ಗಾಡಿ ಓಡಿಸುವವರಿಗೆ ಕಳಚಿ ಒಯ್ಯಲು ಇದು ಅನುಕೂಲ ಇರಬಹುದು, ನನಗೆ ಬೇಡ.

ಮೂರನೆಯದು ಬ್ಲೂಟೂತ್ ಇರುವ ಸ್ಟೀರಿಯೊ, ಜೊತೆಗೆ ಬೇರೆಯಾಗಿ ಬರುವ ಮೈಕ್. ಫಿಟ್ಟಿಂಗ್ ಸೇರಿ 7,000 ದಾಟಿತು. ಇಲ್ಲಿ ದುಡ್ಡಿಗಿಂತ ಕೂರಿಸುವ ರೀತಿ ಮುಖ್ಯ. ಮೊದಲು ಬ್ಯಾಟರಿಯ ನೆಗೆಟಿವ್ ಕಳಚಿಸಿದೆ. ಎಲೆಕ್ಟ್ರಿಷಿಯನ್ ಕಂಪನಿ ವೈರ್ ಕತ್ತರಿಸಿ ಟೇಪ್ ಸುತ್ತಲು ಹೊರಟಿದ್ದ. 'ಬೇಡಪ್ಪ, ಕಪ್ಲರ್ ಹಾಕು' ಅಂದೆ. ವೈರ್ ಕತ್ತರಿಸದೆ ಎರಡೂ ಕಡೆ ಸಿಕ್ಕಿಸುವ ಜೋಡಣೆ ಅದು. 250 ರೂಪಾಯಿ ಜಾಸ್ತಿ ಆಯ್ತು, ಆದರೆ ನಾಳೆ ಹಳೇ ಸೆಟ್ ಬೇಕೆಂದರೆ ಹಾಗೇ ಸಿಕ್ಕಿಸಬಹುದು. ಹೊಸ ಸೆಟ್ಟಿನ ಹಳದಿ ವೈರಿಗೆ ಸದಾ ಕರೆಂಟ್ ಬೇಕು, ಕೆಂಪಿಗೆ ಕೀ ತಿರುಗಿಸಿದಾಗ ಮಾತ್ರ. ಅವನು ಅದಲು ಬದಲು ಮಾಡಿದ್ದಕ್ಕೆ ಕೀ ತೆಗೆದಾಗಲೆಲ್ಲ ಗಡಿಯಾರ, ಸ್ಟೇಷನ್ ಎಲ್ಲ ಅಳಿಸಿಹೋಗುತ್ತಿತ್ತು. ಮಾರನೇ ದಿನ ಸರಿಮಾಡಿಸಿದೆ.

ಮೈಕನ್ನು ಎಸಿ ಗಾಳಿ ಬಡಿಯದ ಹಾಗೆ ಸ್ಟೇರಿಂಗ್ ಹಿಂದಿನ ಕವರ್ ಮೇಲೆ, ನನ್ನ ಮುಖದ ಕಡೆಗೆ ಕೂರಿಸಿದ್ದೇನೆ. ಕಿಟಕಿ ಪಕ್ಕದ ಕಂಬದ ಮೇಲೆ ಹಾಕೋಣ ಅಂತ ಅವನು ಹೇಳಿದ. ನನ್ನ ಹಳೇ ಗಾಡಿಯಲ್ಲಿ ನಡೆಯುತ್ತಿತ್ತು. ಭಾವನ ಹೊಸ ಕಾರಿನಲ್ಲಿ ಆ ಕಂಬದ ಮೇಲೆ 'ಏರ್‌ಬ್ಯಾಗ್' ಅಂತ ಬರೆದಿದೆ. ಹಾಗಿದ್ದ ಕಡೆ ವೈರ್ ಎಳೆಯಲೇಬಾರದು, ಬ್ಯಾಗ್ ಬಿಚ್ಚಿಕೊಳ್ಳುವ ದಾರಿ ಅದು. ಪೆಡಲ್ ಮೇಲೆ ಜೋತಾಡುತ್ತಿದ್ದ ವೈರನ್ನು ಎರಡು ಕೇಬಲ್ ಟೈ ಹಾಕಿ ಬಿಗಿಸಿದ್ದು ನಾನೇ. ಅದನ್ನು ಅವನು ಸುಮ್ನೆ ಹಾಗೇ ಬಿಟ್ಟಿದ್ದ.

ಈಗ ಹೆಸರು ನೋಡಲು ಕೂಡ ಕಣ್ಣು ತಿರುಗಿಸುವುದಿಲ್ಲ, ಬಟನ್ ಒತ್ತುತ್ತೇನೆ ಅಷ್ಟೇ. ರೇಟಿನ ಚೌಕಾಸಿ ಶುರುವಾದರೆ ಮಾತ್ರ ಗಾಡಿಯನ್ನು ಪಕ್ಕಕ್ಕೆ ಹಾಕುತ್ತೇನೆ. ಮೊನ್ನೆ ಮುಳಬಾಗಿಲಿನ ಆ ಜಗಳದ ರೈತರೇ ಫೋನ್ ಮಾಡಿ ಕೇಳಿದರು: 'ಏನಣ್ಣ, ಇವತ್ತು ಮನೇಲೇ ಇದ್ದೀರಾ? ಗಾಡಿ ಸದ್ದೇ ಇಲ್ವಲ್ಲ!'